ಐರ್ಲೆಂಡಿನ ಹಣ್ಣಿನ ಪೈ, ಬಿಜಾಪುರದ ಬಿಸಿಲು

"ದೊಡ್ಡವ್ವಾ, ಆ ಐರ್ಲೆಂಡಿನ ಬೆರ್ರಿ ಪೈ ನಮ್ಮ ಮನ್ಯಾಗ ಮಾಡಾಕ ಬರ್ತದೇನು?" ಅಂತ ಕೇಳಿದಿ. ಬರ್ತದ ತಂಗಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕೂ ಊರಾಗ ಎಲ್ಲಿ ಕುಂತ್ರೂ ಬರ್ತದ. ಹೋಳಿಗಿ ಮಾಡೂ ಮಂದಿಗಿ ಕಣಕ ಹೊಸದಲ್ಲ, ಹೂರಣ ಹೊಸದಲ್ಲ. ತ್ರಾಸು ಬರೂದು ಎರಡ ಕಡಿ. ನಮ್ಮ ಕೈಗಿ ನಾದೂ ಚಟ ಅದ, ನಮ್ಮ ನಾಡಿಗಿ ಬಿಸಿಲು ಜಾಸ್ತಿ ಅದ. ಈ ಎರಡಕ್ಕೂ ಏನ್ ಮಾಡಬೇಕಂತ ಕೆಳಗ ಬರದೀನಿ. ಬೇಕಾದ್ರ ಅಡಗಿ ಮನಿ ಗೋಡಿಗಿ ಅಂಟಿಸ್ಕೋ.

• ಮೊದಲ ಆ ಪೈ ಎಲ್ಲಿಂದ ಬಂತು ತಿಳ್ಕೋ. ಐರ್ಲೆಂಡಿನ ಗುಡ್ಡದ ಮ್ಯಾಲ ಫ್ರಾಹನ್ ಅಂತ ಸಣ್ಣ ಕರಿನೀಲಿ ಹಣ್ಣು ಬೆಳೀತದ. ಬಿತ್ತಿ ಬೆಳಿಯೂದಲ್ಲ, ತಾನ ಹುಟ್ಟೂದು. ಜುಲೈ ತಿಂಗಳ ಕಡೀ ಆಯ್ತವಾರ ಹಳ್ಳಿ ಹುಡುಗ ಹುಡುಗ್ಯಾರು ಬುಟ್ಟಿ ಹಿಡಕೊಂಡು ಗುಡ್ಡ ಹತ್ತಿ ಆ ಹಣ್ಣು ಆರಿಸ್ತಿದ್ರು. ಸುಗ್ಗಿ ಸುರು ಆಗೂ ಹೊತ್ತಿನ ಹಬ್ಬ ಅದು, ಲೂನಸಾ ಅಂತಾರ. ಮಾಯ್ರೆ ಮ್ಯಾಕ್‌ನೀಲ್ ಅನ್ನಾಕಿ 1962ರಾಗ ಆ ಹಬ್ಬದ ಮ್ಯಾಲನ ದೊಡ್ಡ ಪುಸ್ತಕ ಬರದಾಳ. ಆ ಹಣ್ಣು ತಂದು ಕೇಕು, ಪೈ ಮಾಡ್ತಿದ್ರು. ನಮ್ಮಲ್ಲಿ ಮಳಿಗಾಲ ಮುಗಿಯೂ ಹೊತ್ತಿಗಿ ಅಲ್ಲಿ ಬೇಲಿ ಮ್ಯಾಲಿನ ಬ್ಲ್ಯಾಕ್‌ಬೆರ್ರಿ ಬಂದ್ರ ಅದಕ್ಕ ಸೇಬು ಕೂಡಿಸಿ ಮಾಡ್ತಿದ್ರು. ಅಂದ್ರ ಇದು ದೊಡ್ಡ ಹೋಟೆಲಿನ ತಿನಿಸಲ್ಲ. ಬಡ ರೈತರ ಮನ್ಯಾಗ, ಬೇಲಿ ಗುಡ್ಡದಾಗ ಪುಕ್ಕಟೆ ಸಿಕ್ಕಿದ್ದ ಹಣ್ಣಿಲೆ ಮಾಡಿದ್ದು.

• ಅದಕ್ಕ ಹೇಳ್ತೀನಿ, ಪರದೇಶದ ಬ್ಲೂಬೆರ್ರಿ ಡಬ್ಬಿ ಹುಡಿಕ್ಯಾಡಿ ರೊಕ್ಕ ಹಾಳ ಮಾಡಬ್ಯಾಡ. ಡಬ್ಬಿ ಹಣ್ಣು ಸಕ್ರಿ ಪಾಕದಾಗ ಮುಳಗಿ ತನ್ನ ರುಚಿ ಕಳ್ಕೊಂಡಿರ್ತದ. ಆ ತಿಂಗಳ ನಿನ್ನ ಸಂತ್ಯಾಗ ಬುಟ್ಟಿ ತುಂಬ ಏನ್ ಕುಂತದ, ಅದ ನಿನ್ನ ಪೈ ಹಣ್ಣು.

• ಜೂನ್-ಜುಲೈದಾಗ ನೇರಳ. ಬಣ್ಣಕ್ಕ ಫ್ರಾಹನ್ ಹಣ್ಣಿಗಿ ಇದಕ್ಕಿಂತ ಹತ್ತರದ್ದು ನಮ್ಮಲ್ಲಿ ಮತ್ತೊಂದಿಲ್ಲ. ಆದ್ರ ಎರಡು ಗುಣ ನೆನಪಿಡು. ಒಂದು, ಒಗರು. ಆ ಒಗರು ಕಬ್ಬಿಣದ ಪಾತ್ರಿಗಿ ಹತ್ತಿತಂದ್ರ ಹಣ್ಣು ಮಸಿ ಬಣ್ಣಕ್ಕ ತಿರಗ್ತದ, ನಾಲಿಗಿಗಿ ಕಬ್ಬಿಣದ ರುಚಿ ಬರ್ತದ. ಸ್ಟೀಲ್ ಪಾತ್ರಿನ ತಗೋ. ಎರಡು, ಬೀಜ. ಚಾಕುಲೆ ಕೊಯ್ಯಾಕ ಕುಂತ್ರ ಹೊತ್ತು ಮುಳಗ್ತದ. ಹಣ್ಣಿಗಿ ಚಿಟಿಕಿ ಉಪ್ಪು ಹಚ್ಚಿ ಅರ್ಧ ತಾಸು ಬಿಟ್ಟು, ಎರಡ ಬಟ್ಟಿನ ನಡಕ ಹಿಚುಕು. ತಿರುಳು ಬ್ಯಾರೆ ಬೀಜ ಬ್ಯಾರೆ ಆಗ್ತದ. ಬರೇ ನೇರಳ ಹಾಕಬ್ಯಾಡ. ಮೂರು ಪಾಲು ನೇರಳಕ್ಕ ಒಂದು ಪಾಲು ಸೇಬು ಹೆಚ್ಚಿ ಹಾಕು. ಐರ್ಲೆಂಡಿನವ್ರೂ ಬ್ಲ್ಯಾಕ್‌ಬೆರ್ರಿಗಿ ಸೇಬು ಸುಮ್ಮನ ಕೂಡಿಸಿದವ್ರಲ್ಲ. ಸೇಬು ಮೆತ್ತಗಾಗಿ ಹೂರಣ ಹಿಡಿದು ನಿಲ್ಲಸ್ತದ.

• ಫೆಬ್ರವರಿಯಿಂದ ಏಪ್ರಿಲ್ ಮಟ ದ್ರಾಕ್ಷಿ. ರಾಜ್ಯದಾಗ ದ್ರಾಕ್ಷಿ ಅಂದ್ರ ಮೊದಲ ನಮ್ಮ ಜಿಲ್ಲಾದ ಹೆಸರು, ಅದನ್ನ ಬಿಟ್ಟು ಬ್ಯಾರೆ ಹಣ್ಣು ಯಾಕ ಹುಡುಕಬೇಕು? ಪೈಗಿ ಬೀಜಿಲ್ಲದ ಕರಿ ದ್ರಾಕ್ಷಿ, ಶರದ್ ಜಾತೀದು, ಛಲೋ. ಹಸರ ಥಾಮ್ಸನ್ ಬೆಂದ್ರ ಬಣ್ಣ ಬಿಳಚಿಕೊಳ್ತದ, ರುಚೀನೂ ಬರೇ ಸಿಹಿ. ತಂದ ಕೂಡ್ಲೆ ತೊಳಿಯಾಕ ಮಾತ್ರ ಮೈಗಳ್ಳತನ ಮಾಡಬ್ಯಾಡ. ದ್ರಾಕ್ಷಿ ಬಳ್ಳಿಗಿ ಎಷ್ಟು ಸಲ ಔಷಧ ಹೊಡೀತಾರ ಅನ್ನೂದು ತೋಟ ಇದ್ದವ್ರಿಗಿ ಗೊತ್ತು. ಒಂದು ಬೋಗುಣಿ ನೀರಿಗಿ ಒಂದು ಚಮಚ ಅಡಗಿ ಸೋಡಾ ಹಾಕಿ ಹತ್ತು ಹದಿನೈದು ನಿಮಿಷ ನೆನಿಯಿಟ್ಟು, ಆಮ್ಯಾಲ ಚೊಕ್ಕ ನೀರಾಗ ಎರಡ ಸಲ ತೊಳದು, ಅರಬಿ ಮ್ಯಾಲ ಹರವಿ ಒಣಗಸು. ಮೈಮ್ಯಾಲ ನೀರಿನ ಹನಿ ಉಳಿಬಾರದು.

• ದ್ರಾಕ್ಷಿ ಅಂದ್ರ ಬರೇ ನೀರು. ಹಸೀದ ತುಂಬಿಸಿ ಒಲ್ಯಾಗಿಟ್ರ ಕೆಳಗಿನ ಕಣಕ ಗಂಜಿ ಆಗ್ತದ. ಅದಕ್ಕ ಹಣ್ಣಿನ ಅರ್ಧ ಪಾಲು ಸಕ್ರಿ ಕೂಡ ಒಲಿ ಮ್ಯಾಲ ಕುದಿಸಿ ರಸ ಗಟ್ಟಿ ಮಾಡು, ಆರಿಸು, ಉಳದ ಅರ್ಧ ಹಸೀದ ಕೂಡಿಸು. ಒಂದು ಮುಷ್ಟಿ ಒಣದ್ರಾಕ್ಷಿ ಒಗಿ. ಅವು ಬೇಯೂ ಮುಂದ ಸುತ್ತಲಿನ ರಸ ಕುಡದು ಉಬ್ಬತಾವ, ಹೂರಣ ತಾನ ಗಟ್ಟಿ ಆಗ್ತದ. ಹೊಂಬಣ್ಣದ್ದು ಬ್ಯಾಡ, ಅದಕ್ಕ ಗಂಧಕದ ಹೊಗಿ ಕೊಟ್ಟಿರ್ತಾರ. ಕಂದು ಬಣ್ಣದ್ದು ತಗೋ. ಮನ್ಯಾಗ ಒಣಗಿಸಿದ್ದಿದ್ರ ಕೇಳೂದ ಬ್ಯಾಡ.

• ಡಿಸೆಂಬರ್-ಜನವರಿದಾಗ ಬಾರಿಹಣ್ಣು. ಸಂಕ್ರಾಂತಿಗಿ ಕೂಸುಗಳ ತಲಿ ಮ್ಯಾಲ ಕಬ್ಬಿನ ತುಂಡು ಕೂಡ ಸುರೀತೀವಲ್ಲ, ಅದ. ಇದರ ಸ್ವಭಾವ ದ್ರಾಕ್ಷಿಗಿ ಪೂರಾ ಉಲ್ಟಾ. ರಸ ಇಲ್ಲ, ತಿರುಳು ಹಿಟ್ಟು ಹಿಟ್ಟು. ಆಪಲ್ ಬೋರ್ ಅಂತ ದಪ್ಪಂದು ಬರ್ತದ, ಅದು ನೋಡಾಕಷ್ಟ ಛಂದ. ಬೇಲ್ಯಾಗಿನ ಸಣ್ಣ ಹುಳಿ ಬಾರಿನ ಪೈಗಿ ಸರಿ. ಬೀಜ ತಗದು, ಅರ್ಧ ವಾಟಿ ನೀರು, ಬೆಲ್ಲ, ಸ್ವಲ್ಪ ಶುಂಠಿ ಪುಡಿ ಹಾಕಿ ಮೆತ್ತಗ ಬೇಯಿಸಿ ತುಂಬು. ಇದಕ್ಕ ಸಕ್ರಿಗಿಂತ ಬೆಲ್ಲನ ಹೊಂದತದ. ಕಾರ್ನ್‌ಫ್ಲೋರ್ ಬೇಕಾಗೂದಿಲ್ಲ.

• ಕವಳಿಹಣ್ಣು ನಮ್ಮ ಬಯಲಾಗ ಕಡಿಮಿ. ಬೆಳಗಾವಿ ಕಡೆಯವ್ರು ಯಾರರೆ ಮಳಿಗಾಲದ ಮುಂದ ಬರೂದಿದ್ರ ಅವ್ರಿಗಿ ಹೇಳಿ ತರಸು. ಹುಳಿ, ಕೆಂಪು, ಬೆಂದ್ರ ಜೆಲ್ಲಿ ಆಗೂ ಹಣ್ಣದು. ನನ್ನ ಕೇಳಿದ್ರ ಎಲ್ಲಾದಕ್ಕಿಂತ ಅದ ಮೇಲು. ಹೆಚ್ಚೂ ಮುಂದ ಹಾಲು ಸೋರತದ, ಉಪ್ಪು ನೀರಾಗ ಹಾಕಿದ್ರ ಹೋಗ್ತದ.

• ಸ್ಟ್ರಾಬೆರ್ರಿ ಬೇಕಂದ್ರ ಚಳಿಗಾಲದಾಗ ಮಹಾಬಳೇಶ್ವರದ್ದು ತಗೋ. ಅದಕ್ಕ 2010ರಾಗ ಜಿಐ ಮಾನ್ಯತಾ ಸಿಕ್ಕದ. ಕೃಷ್ಣಾ ಹುಟ್ಟೂದೂ ಅಲ್ಲೇ, ಆಲಮಟ್ಟಿ ತುಂಬಸೂದೂ ಅದ ನೀರು. ಅಂದಮ್ಯಾಲ ಆ ಹಣ್ಣೂ ನಮ್ಮ ಬೀಗರ ಊರಿಂದ ಬಂದಂಗ ಆತು. ನೀರು ಭಾಳ ಬಿಡ್ತದ, ದ್ರಾಕ್ಷಿಗಿ ಹೇಳಿದ್ದ ಉಪಾಯ ಇದಕ್ಕೂ.

• ಅಳತಿ ಬರಕೋ. 8 ಇಂಚಿನ ತಾಟಿಗಿ, ಮ್ಯಾಲ ಕೆಳಗ ಎರಡೂ ಪದರಕ್ಕ ಸೇರಿ ಮೈದಾ 300 ಗ್ರಾಂ, ಬೆಣ್ಣಿ 150 ಗ್ರಾಂ, ಸಕ್ರಿ ಪುಡಿ ಒಂದು ದೊಡ್ಡ ಚಮಚ, ಉಪ್ಪು ಚಿಟಿಕಿ, ತಣ್ಣನ ನೀರು ನಾಕರಿಂದ ಆರು ದೊಡ್ಡ ಚಮಚ. ಬೀಜ ತಗದ ಹಣ್ಣು 600 ಗ್ರಾಂ, ಸಕ್ರಿ 100ರಿಂದ 150 ಗ್ರಾಂ, ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚ. ಹಿಟ್ಟಿನ ಅರ್ಧ ತೂಕ ಬೆಣ್ಣಿ, ಇದನ್ನ ಒಂದ ನೆನಪಿಟ್ಟುಕೊಂಡ್ರ ಎಷ್ಟ ದೊಡ್ಡ ತಾಟಿಗಿ ಬೇಕಾದ್ರೂ ಲೆಕ್ಕ ಹಾಕಬಹುದು. ವಾಟಿಲೆ ಅಳಿಯೂದು ಬಿಟ್ಟು ತಕ್ಕಡಿ ತಗೋ.

• ಮೈದಾ ಒಲ್ಲೆ ಅಂದ್ರ ಅರ್ಧ ಮೈದಾ ಅರ್ಧ ಗೋದಿ ಹಿಟ್ಟು ಹಾಕು, ಜರಡಿಲೆ ಸೋಸಿ. ಪೂರಾ ಗೋದಿ ಹಿಟ್ಟಿಲೆ ಮಾಡಿದ್ರ ತಿನ್ನಾಕ ಬರ್ತದ, ಪೈ ಅನ್ನಾಕ ಬರೂದಿಲ್ಲ. ಜವಿಗೋದಿ ಸಜ್ಜಕಕ್ಕ ಇರಲಿ.

• ಬೆಣ್ಣಿ ವಿಷಯ. ಮನ್ಯಾಗ ಮಜ್ಜಿಗಿ ಕಡದ ಬೆಣ್ಣಿ ಇದ್ರ ಅದಕ್ಕಿಂತ ಭಾಗ್ಯ ಇಲ್ಲ, ಆದ್ರ ಅದರಾಗ ನೀರು, ಮಜ್ಜಿಗಿ ಉಳದಿರ್ತದ. ತಣ್ಣೀರಾಗ ತೊಳದು, ಕೈಲೆ ಒತ್ತಿ ಒತ್ತಿ ನೀರು ತಗದು, ಅರಬ್ಯಾಗ ಸುತ್ತಿ ಫ್ರಿಜ್ನಾಗ ಒಂದು ರಾತ್ರಿ ಇಡು. ಅಂಗಡಿ ಬೆಣ್ಣಿ ಉಪ್ಪಿಂದಿದ್ರ ಹಿಟ್ಟಿಗಿ ಮತ್ತ ಉಪ್ಪು ಹಾಕಬ್ಯಾಡ. ತುಪ್ಪ ಹಾಕಿದ್ರ ಹೆಂಗ ಅಂತ ಕೇಳ್ತಿ ಅಂತ ಗೊತ್ತು. ಹೆರೆತುಪ್ಪ ಆದ್ರ ನಡೀತದ, ಪದರು ಮಾತ್ರ ಬರೂದಿಲ್ಲ, ಪುಡಿ ಪುಡಿ ಆಗ್ತದ. ಬೆಣ್ಣ್ಯಾಗಿನ ಸ್ವಲ್ಪ ನೀರ ಒಲ್ಯಾಗ ಆವಿ ಆಗಿ ಪದರು ಎಬ್ಬಸೂದು, ತುಪ್ಪದಾಗ ಆ ನೀರ ಇರೂದಿಲ್ಲ.

• ಐರ್ಲೆಂಡಿನ ಹಳೇ ಮನಿಗಳಾಗ ಬೆಣ್ಣಿ ಬದಲಿ ಹಂದಿ ಕೊಬ್ಬನ್ನೂ ಹಾಕ್ತಿದ್ರು. ಪರದೇಶದಿಂದ ತಯಾರ ಕಣಕದ ಪಾಕೀಟು ಯಾರರೆ ತಂದುಕೊಟ್ರ, ಅದರ ಮ್ಯಾಲ ಬರದದ್ದು ಓದದ ಲಿಂಗದ ಮನ್ಯಾಗ ಒಲಿಗಿ ಏರಸಬ್ಯಾಡ. ಮ್ಯಾಲ ಹೊಳಪಿಗಿ ತತ್ತಿ ಹಚ್ಚತಾರ, ನಾವು ಹಾಲು ಹಚ್ಚಿದ್ರಾತು. ಅಲ್ಲೂ ಭಾಳ ಮಂದಿ ಹಾಲ ಹಚ್ಚೂದು.

• ಈಗ ಬಿಸಿಲಿನ ಮಾತು. ಬೆಣ್ಣಿ 32ರಿಂದ 35 ಡಿಗ್ರಿಗಿ ಕರಗ್ತದ. ಏಪ್ರಿಲ್-ಮೇದಾಗ ನಮ್ಮಲ್ಲಿ ಮಧ್ಯಾಹ್ನಕ್ಕ 40 ದಾಟತದ. ಅಂದ್ರ ಕಣಕ ಇನ್ನ ಒಲಿ ಕಾಣೂ ಮೊದಲ, ಪರಾತದಾಗ ಬೆಣ್ಣಿ ಎಣ್ಣಿ ಆಗಿ ಹರೀತದ. ಇದು ತಂಪು ದೇಶದ ತಿನಿಸು, ಅಲ್ಲಿಯವ್ರು ಈ ಚಿಂತಿ ಮಾಡಿದವ್ರ ಅಲ್ಲ, ಅದಕ್ಕ ಅವ್ರ ಪುಸ್ತಕದಾಗ ಇದಕ್ಕ ಉತ್ತರ ಸಿಗೂದಿಲ್ಲ. ಬ್ಯಾಸಗ್ಯಾಗ ನಸುಕಿನ್ಯಾಗ ಎದ್ದು, ಸೂರ್ಯ ಹುಟ್ಟೂದ್ರಾಗ ಕಣಕ ಮುಗಿಸಿ ಫ್ರಿಜ್ನಾಗಿಡು. ಹಿಟ್ಟು, ಪರಾತ, ಲಟ್ಟಣಿಗಿ ಎಲ್ಲಾ ಹಿಂದಿನ ರಾತ್ರಿನ ಫ್ರಿಜ್ನಾಗ ಕುಂದರಲಿ. ಮನ್ಯಾಗಿನವ್ರು ನಗತಾರ, ನಗಲಿ. ಕೈ ಬೆಚ್ಚಗಿದ್ರ ಐಸ್ ನೀರಾಗ ಅದ್ದಿ ಒರಿಸ್ಕೋ. ನಡುವ ಕರೆಂಟ್ ಹೋಗೂ ಹೊತ್ತು ಯಾವುದಂತ ಲೈನ್‌ಮನ್‌ನ ಕೇಳಿಟ್ಟುಕೋ.

• ಕಣಕ ಮಾಡೂದು. ತಣ್ಣನ ಬೆಣ್ಣಿ ಸಣ್ಣ ತುಂಡು ಮಾಡಿ ಹಿಟ್ಟಿನಾಗ ಹಾಕಿ, ಬರೇ ಬಟ್ಟಿನ ತುದಿಲೆ ತಿಕ್ಕು. ಅಂಗೈ ಹಚ್ಚಬ್ಯಾಡ, ಅಂಗೈ ಬಿಸಿ. ದಪ್ಪ ರವಾದಂಗ ಆಗಬೇಕು, ನಡುನಡುವ ಒಂದೊಂದು ಕಡ್ಲಿ ಕಾಳಿನಷ್ಟು ಬೆಣ್ಣಿ ಗಂಟು ಉಳದ್ರ ಇನ್ನೂ ಛಲೋ. ಆಮ್ಯಾಲ ತಣ್ಣೀರು ಒಂದೊಂದ ಚಮಚ ಚಿಮುಕಿಸಿ, ಒಟ್ಟು ಕೂಡೂ ಹಂಗ ಒತ್ತು. ಕೂಡಿತು ಅಂದ್ರ ಕೈ ತಗದುಬಿಡು.

• ನಾದಬ್ಯಾಡ. ಮತ್ತೊಮ್ಮಿ ಹೇಳ್ತೀನಿ, ನಾದಬ್ಯಾಡ. ಹೋಳಿಗಿ ಕಣಕ ನಾದಿ, ಎಣ್ಣ್ಯಾಗ ನೆನಿಯಿಟ್ಟು, ಎಳದ್ರ ಹರೀಲಾರದಂಗ ಜಿಗಿ ಬರಸ್ತೀವಿ, ಹೂರಣ ಹೊರಗ ಬರಬಾರದಂತ. ಇಲ್ಲಿ ಜಿಗಿ ಬಂತಂದ್ರ ಕೆಟ್ಟಿತು. ಒಲ್ಯಾಗ ಕಣಕ ಮುದರಿ ಸಣ್ಣದಾಗ್ತದ, ಹಲ್ಲಿಗಿ ತೊಗಲು ತಿಂದಂಗ ಆಗ್ತದ. ಒಳ್ಳೆ ಹೋಳಿಗಿ ಮಾಡಾಕಿಗಿ ಇದನ್ನ ಕಲಸೂದ ಭಾಳ ಕಷ್ಟ, ಆಕಿ ಕೈ ಸುಮ್ಮನ ಕುಂದ್ರೂದಿಲ್ಲ. ಸೀಳು ಸೀಳಾಗಿ ಕಂಡ್ರೂ ಇರಲಿ ಅಂತ ಅರಬಿ ಮುಚ್ಚಿ ಒಂದು ತಾಸು ಫ್ರಿಜ್ನಾಗಿಡು, ತಾನ ಹದಕ್ಕ ಬರ್ತದ.

• ಹಣ್ಣಿಗಿ ಸಕ್ರಿ, ಕಾರ್ನ್‌ಫ್ಲೋರ್ ಕಲಸೂದು ತುಂಬೂ ಹೊತ್ತಿನಾಗ. ಮೊದಲ ಕಲಸಿಟ್ರ ಸಕ್ರಿ ಹಣ್ಣಿನ ನೀರೆಲ್ಲಾ ಹೊರಗ ಎಳೀತದ. ಮರತು ಕಲಸಿಬಿಟ್ಟಿದ್ರ ರಸ ಬಸದು, ಒಲಿ ಮ್ಯಾಲ ಅರ್ಧಕ್ಕ ಇಳಿಸಿ, ಆರಿಸಿ ಮತ್ತ ಸೇರಿಸು. ಚೆಲ್ಲಬ್ಯಾಡ, ರುಚಿ ಇರೂದು ಅದರಾಗ.

• ಲಿಂಬಿ ಹಿಂಡೂದು ಬಿಡಬ್ಯಾಡ. ಐರ್ಲೆಂಡಿನ ಪೈ ಸೇಬು ಹುಳಿ ಜಾತೀದು, ಬ್ರಾಮ್ಲಿ ಅಂತಾರ, ಹಸೀದು ಬಾಯಿಗಿ ಹಾಕಾಕ ಆಗೂದಿಲ್ಲ. ನಮಗ ಸಿಗೂ ಸೇಬು, ದ್ರಾಕ್ಷಿ ಎಲ್ಲಾ ಸಿಹಿ. ಆ ಕೊರತಿ ತುಂಬಾಕ ಇಂಡಿ ಲಿಂಬಿ ಅದ ಅಲ್ಲ, ಜಿಐ ಮಾನ್ಯತಾ ಪಡದಿದ್ದು. ಒಂದು ಲಿಂಬಿ ರಸ, ಜೊತಿಗಿ ಅದರ ಸಿಪ್ಪಿ ಮ್ಯಾಲಿನ ಹಸರ ಭಾಗ ಅಷ್ಟ ಸಣ್ಣಗ ಹೆರದು ಹಾಕು. ಒಳಗಿನ ಬಿಳಿ ಬಂದ್ರ ಕಹಿ. ಏಲಕ್ಕಿ ಹಾಕಬೇಕಂತ ಕೈ ತುರಸ್ತದ, ಗೊತ್ತು. ದ್ರಾಕ್ಷಿಗಿ ಹಾಕು, ನೇರಳಕ್ಕ ಹಾಕಬ್ಯಾಡ.

• ಕಣಕ ಎರಡು ಪಾಲು ಮಾಡು, ಕೆಳಗಿಂದು ಸ್ವಲ್ಪ ದೊಡ್ಡದು. ಲಟ್ಟಿಸೂ ಮುಂದ ನಡುವಿನಿಂದ ಹೊರಗ ಒತ್ತು, ಹಿಂದ ಮುಂದ ತಿಕ್ಕಬ್ಯಾಡ. ತಾಟಿನಾಗ ಹಾಸಿ, ಕೆಳಗ ಒಂದು ಚಮಚ ರವಾ ಉದರಸು, ಹಣ್ಣಿನ ನೀರು ಅದು ಹೀರ್ಕೊಳ್ತದ. ಹಣ್ಣು ನಡುವ ದಿಬ್ಬಾಗಿ ಸುರಿ. ಮ್ಯಾಲಿನ ಪದರು ಮುಚ್ಚಿ, ಅಂಚು ಕಡಬಿನ ಮುರಿಗಿ ಹಾಕಿ ಮುಚ್ಚು. ಈ ಒಂದು ಕೆಲಸದಾಗ ನಮ್ಮ ಹೆಣ್ಮಕ್ಕಳು ಯಾವ ಐರಿಶ್ ಅಜ್ಜಿಗೂ ಸೋಲೂದಿಲ್ಲ. ಆವಿ ಹೋಗಾಕ ನಡುವ ನಾಕೈದು ಕಡಿ ಚಾಕುಲೆ ಸೀಳು. ಸೀಳೂದು ಮರತ್ರ ಅದು ತನಗ ತಿಳದಲ್ಲಿ ಒಡಕೊಂಡು ರಸ ಒಲಿ ತುಂಬ ಮಾಡ್ತದ.

• ಓವನ್ ಇದ್ರ ಮೊದಲ 200 ಡಿಗ್ರಿಗಿ ಕಾಯಿಸಿ, ಇಪ್ಪತ್ತು ನಿಮಿಷ ಅಷ್ಟರಾಗ ಬೇಯಿಸಿ, ಆಮ್ಯಾಲ 180ಕ್ಕ ಇಳಿಸಿ ಇನ್ನೊಂದು ಅರ್ಧ ತಾಸು. ಓವನ್ ಜೊತಿಗಿ ಒಂದು ಸ್ಟೀಲ್ ತಾಟೂ ಕಾಯಲಿ, ಅದರ ಮ್ಯಾಲ ಪೈ ಇಟ್ರ ಕೆಳಗಿನ ಕಣಕ ಲಗೂನ ಗಟ್ಟಿ ಆಗ್ತದ. ಗಾಜಿನ ತಾಟಿನಾಗ ಮಾಡಿದ್ರ ತಳ ಕೆಂಪಗಾದದ್ದು ಕಾಣಸ್ತದ, ಆದ್ರ ಫ್ರಿಜ್ನಾಗಿಂದ ತಗದು ಸೀದಾ ಬಿಸಿ ಓವನ್ನಿಗಿ ಇಟ್ರ ಗಾಜು ಒಡೀತದ.

• ಓವನ್ ಇಲ್ಲಂದ್ರ ಅಳಬ್ಯಾಡ. ಐರ್ಲೆಂಡಿನ ಹಳ್ಳ್ಯಾಗ ಎಲ್ಲಿ ಓವನ್ ಇತ್ತು? ಬಾಸ್ಟಿಬಲ್ ಅಂತ ಮುಚ್ಚಳದ ಕಬ್ಬಿಣದ ಗಡಗಿ ಇತ್ತು. ಜೌಗು ನೆಲದಿಂದ ಕಡದು ಒಣಗಿಸಿದ ಮಣ್ಣಿನ ಇಟ್ಟಂಗಿ, ಪೀಟ್ ಅಂತಾರ, ಅದರ ಬೆಂಕಿ ಮ್ಯಾಲ ಆ ಗಡಗಿ ಇಟ್ಟು, ಮುಚ್ಚಳದ ಮ್ಯಾಲೂ ಕೆಂಡ ಸುರದು ಬ್ರೆಡ್, ಪೈ ಎಲ್ಲಾ ಬೇಯಿಸ್ತಿದ್ರು. ಕುಳ್ಳಿನ ಬೆಂಕಿ ಗೊತ್ತಿದ್ದ ನಮಗ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಉರಿ ಬ್ಯಾಡ, ಉರಿ ಹೋದ ಮ್ಯಾಲಿನ ಕೆಂಡ ಬೇಕು. ದಪ್ಪ ತಳದ ಪಾತ್ರಿ, ಒಳಗ ಸ್ಟ್ಯಾಂಡು, ಅದರ ಮ್ಯಾಲ ತಾಟು, ಸಪಾಟ ಮುಚ್ಚಳ. ಕೆಳಗಿಗಿಂತ ಮ್ಯಾಲ ಕೆಂಡ ಹೆಚ್ಚಿರಲಿ. ಇದನ್ನ ಹಿತ್ತಲದಾಗ ಮಾಡು. ಮುಚ್ಚಿದ ಅಡಗಿ ಮನ್ಯಾಗ ಕೆಂಡದ ಗಾಳಿ ಜೀವಕ್ಕ ಕುತ್ತು.

• ಗ್ಯಾಸ್ ಮ್ಯಾಲ ಹಳೇ ಕುಕ್ಕರ್ನಾಗ ಮಾಡೂದಾದ್ರ ಸೀಟಿ, ರಬ್ಬರ್ ತಗದು, ತಳಕ್ಕ ಒಂದಿಂಚು ಉಪ್ಪು ಹಾಕಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ಪೈ ಇಟ್ಟು ಸಣ್ಣ ಉರಿ ಮ್ಯಾಲ ಒಂದು ತಾಸು ಬಿಡು. ಮ್ಯಾಲಿಂದ ಶಾಖ ಇಲ್ಲದ್ದಕ್ಕ ಮ್ಯಾಲಿನ ಪದರು ಬೆಳ್ಳಗ ಉಳೀತದ. ಅದಕ್ಕ ಕುಕ್ಕರ್ನಾಗ ಮ್ಯಾಲಿನ ಪದರ ಬಿಟ್ಟು ತೆರದ ಪೈ ಮಾಡೂದು ಜಾಣತನ. ಅಲ್ಲಿಂದಲ್ಲಿಗಿ ಕಣಕದ ಎರಡ ಪಟ್ಟಿ ಅಡ್ಡ ಹಾಕು, ಸಾಕು. ನಿಮ್ಮ ಊರಿನ ಬೇಕರಿಯವ್ರು ಪರಿಚಯ ಇದ್ರ ಇನ್ನೂ ಸಸಾರ. ಸಂಜೀಕ ಬ್ರೆಡ್ ತಗದ ಮ್ಯಾಲ ಭಟ್ಟಿ ಬಿಸಿ ಇರ್ತದ.

• ಬೆಂದದ್ದು ಹೆಂಗ ತಿಳೀತದ? ಬಣ್ಣ ನೋಡಿ ತಗೀಬ್ಯಾಡ. ಸೀಳಿನಾಗಿಂದ ರಸ ಗಟ್ಟಿಯಾಗಿ ಗುಳು ಗುಳು ಕುದ್ದು ಮ್ಯಾಲ ಬರಬೇಕು. ಒಳಗ ಕುದಿ ಬರಲಿಲ್ಲಂದ್ರ ಕಾರ್ನ್‌ಫ್ಲೋರ್ ಬೆಂದಿಲ್ಲ, ರಸ ನೀರ ಉಳೀತದ. ಮ್ಯಾಲ ಹೊತ್ತೂ ಹಂಗ ಕಂಡ್ರ ಮ್ಯಾಲ ಒಂದು ಬೆಳ್ಳಿ ಹಾಳಿ ಮುಚ್ಚು.

• ತಗದ ಮ್ಯಾಲ ಎರಡು ತಾಸು ಮುಟ್ಟಬ್ಯಾಡ. ಹೋಳಿಗಿ ಹಂಚಿನಿಂದ ತಾಟಿಗಿ, ತಾಟಿಂದ ಬಾಯಿಗಿ ಹೋಗ್ತದ. ಇದು ಹಂಗಲ್ಲ. ಬಿಸಿದ ಕೊಯ್ದ್ರ ಹೂರಣ ಹರದು ಹೋಗ್ತದ, ಒಳಗಿನ ರಸ ಹುಡುಗೂರ ನಾಲಿಗಿ ಸುಡ್ತದ. ಮಕ್ಕಳು ಶಾಲಿಗಿ ಹೋದಾಗ ಮಾಡು, ಅವ್ರು ಬರೂದ್ರಾಗ ಆರಿರ್ತದ.

• ಅಲ್ಲಿಯವ್ರು ಕೆನಿ ಇಲ್ಲಾ ಕಸ್ಟರ್ಡ್ ಹಾಕ್ಕೊಂಡು ತಿಂತಾರ. ಎಮ್ಮಿ ಹಾಲಿನ ಕೆನಿ ನಮ್ಮಲ್ಲಿ ದಪ್ಪ ಬರ್ತದ, ಸಕ್ರಿ ಹಾಕದ ಹಂಗ ಹಚ್ಚು. ಬಾಸುಂದಿ ಬ್ಯಾಡ, ಸಿಹಿ ಮ್ಯಾಲ ಸಿಹಿ ಆಗ್ತದ. ನಿಮ್ಮ ಮಾವನಿಗಿ ಸಕ್ರಿ ಕಾಯಿಲೆ ಇದ್ರ ಕಣಕದ ತುಣುಕು ಕೊಟ್ಟು ಹೂರಣ ಮುಚ್ಚಿಡು. ಬಾರಿ ಪೈದಾಗ ಬೆಲ್ಲ ಅದ, ನಡೀತದ ಅಂತ ಅವ್ರು ಅಂದ್ರ ನಂಬಬ್ಯಾಡ.

• ಎಳ್ಳ ಅಮವಾಸಿಗಿ ಹೊಲಕ್ಕ ಹೋಗೂ ಮುಂದ ಬಾರಿಹಣ್ಣಿನ ಪೈ ಒಯ್ಯಬಹುದು. ಆರಿದ ಮ್ಯಾಲ ಗಟ್ಟಿ ಕುಂದರತದ, ಬಂಡ್ಯಾಗ ಕುಲುಕಿದ್ರೂ ಚೆಲ್ಲೂದಿಲ್ಲ. ಐರ್ಲೆಂಡಿನ ಹುಡುಗೂರು ಸುಗ್ಗಿ ಮುಂದ ಗುಡ್ಡಕ್ಕ ಹೋದಂಗ ನಾವೂ ಆ ದಿನ ಮನಿ ಬಿಟ್ಟು ಹೊಲಕ್ಕ ಹೋಗೂದ ಅಲ್ಲ? ಆದ್ರ ಚರಗದ ಬುಟ್ಟ್ಯಾಗ ಇದನ್ನ ಕೂಡಿಸಬ್ಯಾಡ. ಚರಗಕ್ಕ ಸಜ್ಜಿ ಕಡಬು, ಶೇಂಗಾ ಹೋಳಿಗಿ, ಭಜ್ಜಿ ಏನ್ ನಡದು ಬಂದದ ಅದ ಇರಲಿ. ಭೂಮಿತಾಯಿಗಿ ಚರಗ ಚೆಲ್ಲಿ, ಎಲ್ಲಾರೂ ಉಂಡ ಮ್ಯಾಲ ಪೈ ಬಿಚ್ಚು.

• ಹೊರಗ ಒಂದು ದಿನ, ಅದೂ ಚಳಿಗಾಲದಾಗ. ಬ್ಯಾಸಗ್ಯಾಗ ಆರಿದ ಕೂಡ್ಲೆ ಫ್ರಿಜ್ನಾಗಿಡು, ಮೂರು ದಿನದಾಗ ಮುಗಸು. ಮತ್ತ ಬಿಸಿ ಮಾಡೂದಾದ್ರ ಮೈಕ್ರೋವೇವ್ ಮುಟ್ಟಬ್ಯಾಡ, ಕಣಕ ತೊಯ್ದ ಅರಬಿ ಆಗ್ತದ. ಹಂಚಿನ ಮ್ಯಾಲ ಸಣ್ಣ ಉರಿ, ಮ್ಯಾಲೊಂದು ಮುಚ್ಚಳ.

• ಅಂಚು ಕೊಯ್ದಾಗ ಉಳದ ಕಣಕ ಚೆಲ್ಲಬ್ಯಾಡ. ಮತ್ತ ಮುದ್ದಿ ಮಾಡಿ ಲಟ್ಟಿಸಿದ್ರ ಗಟ್ಟಿ ಆಗ್ತದ, ಅದಕ್ಕ ಒಂದರ ಮ್ಯಾಲ ಒಂದು ಪೇರಿಸಿ ಒತ್ತಿ ಲಟ್ಟಿಸು. ಉಳದ ಹಣ್ಣು ತುಂಬಿ ಸಣ್ಣ ಕಡಬು ಮಾಡಿ, ಪೈ ಬಾಜೂಕ ಇಟ್ರ ಇಪ್ಪತ್ತು ನಿಮಿಷಕ್ಕ ಬೇಯ್ತಾವ. ದೊಡ್ಡ ಪೈ ಆರೂ ಮಟ ಹುಡುಗೂರಿಗಿ ಅವ ಕೊಡು.